ಮಗ್ಗದ ಮರದ ಕುರ್ಚಿ

“ಬರುವಾಗ ಕುರ್ಚಿ ತಗಂಡು ಬಾ,” ಎಂದು ದ್ರಾಕ್ಷಾಯಣಮ್ಮ ಫೋನಿನಲ್ಲಿ ಎರಡನೆಯ ಸಲ ಹೇಳಿದಳು. ಆ ಕಡೆ ಮೊಳಕಾಲ್ಮುರುವಿನಿಂದ ಅಳು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ನಾದಿನಿ ಅತ್ತು ಮುಗಿಸಲಿ ಎಂದು ಅವಳು ಫೋನನ್ನು ಕಿವಿಗೆ ಒತ್ತಿಕೊಂಡೇ ಕಾದಳು. ಎದುರಿಗೆ, ಪಡಸಾಲೆಯ ಗೋಡೆಗೆ ಒರಗಿಸಿ, ಎದೆಗೆ ಶಲ್ಯ ಬಿಗಿದು, ಹಲಗೆಯ ಮೇಲೆ ಕಾಲು ಮಡಚಿ ಕೂರಿಸಿದ್ದ ಗಂಡ. ಹಣೆಯ ತುಂಬ ವಿಭೂತಿ. ಬೆಳಗಿನ ಜಾವ ಎದೆ ಹಿಡಿದುಕೊಂಡು ಎದ್ದವನು ಮತ್ತೆ ಮಲಗಿರಲಿಲ್ಲ.

“ಯಾವ ಕುರ್ಚಿ ಅತ್ತಿಗೆ?” ವೀರಮ್ಮನ ದನಿ ಕೊನೆಗೆ ಬಂತು.

“ನಿನ್ ತಾವ ಎಷ್ಟವೆ? ನಿಮ್ಮಣ್ಣ ಮಾಡಿಕೊಟ್ಟಿದ್ದು. ಮಗ್ಗದ ಮರದ್ದು.”

ಕೇಳಿದ್ದರ ಅರ್ಥ ಇಬ್ಬರಿಗೂ ಗೊತ್ತಿತ್ತು. ಅವರ ಪದ್ಧತಿಯಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರಿನ ಗಳಗಳಿಗೆ ಒಂದು ಕುರ್ಚಿ ಕಟ್ಟಿ, ಹೂವು ಸುತ್ತಿ, ಕೂತಂತೆಯೇ ಹೊತ್ತು, ಕೂತಂತೆಯೇ ಮಣ್ಣಿಗಿಡುತ್ತಾರೆ. ಹೆಣ ಕೂತ ಕುರ್ಚಿ ಮತ್ತೆ ಯಾರ ಹೊಸ್ತಿಲನ್ನೂ ದಾಟುವುದಿಲ್ಲ. ಗೋರಿಗಳ ನಡುವೆ ಎಲ್ಲೋ ಬಿದ್ದು ಬಿಸಿಲಿಗೆ ಬಾಯಿ ಬಿಡುತ್ತದೆ, ಗೆದ್ದಲಿಗೆ ಮಣ್ಣಾಗುತ್ತದೆ.

“ಊರಿಗೆಲ್ಲ ಮಾಡಿಕೊಟ್ಟೋರು ಪ್ಲಾಸ್ಟಿಕ್ ಕುರ್ಚೀಲಿ ಹೋಗ್ಬೇಕಾ ನೀನೇ ಹೇಳು,” ಎಂದಳು ದ್ರಾಕ್ಷಾಯಣಮ್ಮ.

“ತರ್ತೀನಿ ಅತ್ತಿಗೆ. ಅಣ್ಣ ಅದ್ರಾಗೇ ಹೋಗ್ಲಿ.”

ಇಷ್ಟು ಬೇಗ ಒಪ್ಪುತ್ತಾಳೆಂದು ಅವಳು ಎಣಿಸಿರಲಿಲ್ಲ. ಒಂದು ಮಾತು ಎಳೆದಾಡಿದ್ದರೆ, ‘ಅದೊಂದು ಬಿಟ್ಟು ಬೇರೇನಾದ್ರೂ ಕೇಳ್ರಿ’ ಎಂದಿದ್ದರೆ, ಮನಸ್ಸಿಗೆ ಒಂದಿಷ್ಟು ತಂಪಾಗುತ್ತಿತ್ತು. ಕೊಡುವುದರಲ್ಲೂ ನಾದಿನಿಯೇ ಮೇಲಾದಳಲ್ಲ ಎನ್ನಿಸಿ ಅವಳು ಫೋನನ್ನು ಮಗನ ಕೈಗೆ ಕೊಟ್ಟುಬಿಟ್ಟಳು.

“ಅವ್ವ, ಶಾಮಿಯಾನದೋನು ರಾಶಿ ಕುರ್ಚಿ ಇಳಿಸವ್ನೆ,” ಎಂದ ಸಂಗಮೇಶ. “ಒಂದಕ್ಕೆ ದುಡ್ಡು ಕೊಟ್ಟು ಇಟ್ಕಂಡ್ರೆ ಆತು. ಅತ್ತೆ ಅಳ್ತಾ ಬರೋಳಿಗೆ ಕುರ್ಚಿ ಹೊರಿಸ್ಕಂಡು ಬಾ ಅಂತೀಯಲ್ಲ.”

“ಅವ್ಳೇನು ತಲೆ ಮೇಲೆ ಹೊರ್ತಾಳಾ? ಲಗೇಜ್ ಆಟೋ ಇಲ್ವಾ ಆ ಊರಾಗೆ?”

ಮಗನಿಗೂ ಅದು ಗೌರವದ ಮಾತೆಂದೇ ಕಂಡಿರಬೇಕು. ಹೊರಗೆ ಹೋಗಿ, ಮೊಳಕಾಲ್ಮುರುವಿನಿಂದ ಕುರ್ಚಿ ಬರುತ್ತದೆ, ಅಪ್ಪ ಕೈಯಾರೆ ಮಾಡಿದ್ದು, ಎಂದು ನಾಲ್ಕು ಜನಕ್ಕೆ ಹೇಳಿದ. ಆ ಜನ ಹೌದಪ್ಪ, ಹಂಗೇ ಆಗ್ಬೇಕು, ಎಂದರು.

*

ಗಂಡ ಜಂಬುಲಿಂಗಪ್ಪ ಬಡಗಿಯಲ್ಲ. ಚಳ್ಳಕೆರೆಯ ಶೇಂಗಾ ಮಂಡಿಯಲ್ಲಿ ಗುಮಾಸ್ತನಾಗಿದ್ದವನು. ಮಂಡಿ ಮುಗಿಸಿ ಬಂದು, ಕಾಲು ತೊಳೆದು, ಚಹಾ ಕುಡಿದು ಹಿತ್ತಿಲಿನ ತಗಡಿನ ಶೆಡ್ಡಿಗೆ ಹೊಕ್ಕರೆ ಊಟಕ್ಕೆ ಕರೆಯುವವರೆಗೂ ಹೊರಗೆ ಬರುತ್ತಿರಲಿಲ್ಲ. ಸ್ಟೂಲು, ಗೋಡೆಗೆ ಹಾಕುವ ಹಲಗೆ, ದೇವರ ಮಂಟಪ, ಒಡೆದ ಬಳೆ ಚೂರು ಅಂಟಿಸಿದ ಕನ್ನಡಿಯ ಚೌಕಟ್ಟು, ಸೀರೆಯ ಜರಿ ತುಂಡಿನ ತೋರಣ. ಯಾರು ಕೇಳಿದರೂ ಮಾಡಿಕೊಡುತ್ತಿದ್ದ. ಕೇಳದವರಿಗೂ ಮಾಡಿಕೊಡುತ್ತಿದ್ದ.

ಅವನದೊಂದು ರೀತಿ ಇತ್ತು. ಯಾವುದನ್ನೂ ಒಂದೇ ಸಲಕ್ಕೆ ಮಾಡುತ್ತಿರಲಿಲ್ಲ. ಮೊದಲು ಎಣ್ಣೆ ಡಬ್ಬಿ ಬರುವ ಪೆಟ್ಟಿಗೆಯ ಹಗುರ ಮರದಲ್ಲಿ ಒಂದನ್ನು ಮಾಡುವುದು. ಎಲ್ಲಿ ವಾಲುತ್ತದೆ, ಎಲ್ಲಿ ಸಂದು ಬಿಡುತ್ತದೆ, ಎಲ್ಲಿ ಮೊಳೆ ತಪ್ಪಿತು, ಎಲ್ಲವನ್ನೂ ಅದರಲ್ಲಿ ನೋಡಿಕೊಳ್ಳುವುದು. ಅದು ಕಚ್ಚಾ. ಆಮೇಲೆ ಒಳ್ಳೆಯ ಮರ ಹಿಡಿದು ಅದೇ ಅಳತೆಯಲ್ಲಿ ಇನ್ನೊಂದು. ಅದು ಪಕ್ಕಾ. ಪಕ್ಕಾ ಕೇಳಿದವರ ಮನೆಗೆ ಹೋಗುತ್ತಿತ್ತು. ಕಚ್ಚಾ ದ್ರಾಕ್ಷಾಯಣಮ್ಮನ ಮನೆಯಲ್ಲಿ ಉಳಿಯುತ್ತಿತ್ತು.

ಹಾಗಾಗಿ ಅವಳ ಸ್ಟೂಲಿನ ಒಂದು ಕಾಲಿನ ಕೆಳಗೆ ಯಾವಾಗಲೂ ಮಡಚಿದ ರಟ್ಟು. ಪಾತ್ರೆ ಕಪಾಟಿನ ಬಾಗಿಲಿಗೆ ಮೊಣಕಾಲಿನಲ್ಲಿ ಒಂದು ಗುದ್ದು ಕೊಡದಿದ್ದರೆ ಮುಚ್ಚದು. ಕನ್ನಡಿಯ ಸುತ್ತ ಬಳೆ ಚೂರಿಗಿಂತ ಹೆಚ್ಚು ಗೋಂದು. ಎದುರುಮನೆಯ ಕಮಲಾಕ್ಷಮ್ಮ ಒಮ್ಮೆ, “ಕುಂಬಾರನ ಮನ್ಯಾಗೆ ಒಡಕು ಗಡಿಗೆ ಅಂತಾರಲ್ಲ, ಹಂಗಾತು ನಿನ್ ಬಾಳು,” ಎಂದು ನಕ್ಕಿದ್ದಳು. ದ್ರಾಕ್ಷಾಯಣಮ್ಮನೂ ನಕ್ಕಿದ್ದಳು. ಅವತ್ತು ರಾತ್ರಿ ಗಂಡನಿಗೆ ಮುದ್ದೆ ಬಡಿಸುವಾಗ ಮಾತ್ರ ತಟ್ಟೆ ಸ್ವಲ್ಪ ಜೋರಾಗಿ ಸದ್ದಾಗಿತ್ತು.

“ಪಕ್ಕಾ ಎಲ್ಲ ಊರಿಗೆ, ಕಚ್ಚಾ ಎಲ್ಲ ನನಗೆ.”

“ತಪ್ಪೆಲ್ಲ ನಮ್ಮನ್ಯಾಗೇ ಇರ್ಲಿ ಬಿಡೇ,” ಎಂದಿದ್ದ ಅವನು, ಸಾರು ಸುರಿದುಕೊಳ್ಳುತ್ತ.

ಯಾರ ಮನೆಯ ಅರಿಸಿನ ಕುಂಕುಮಕ್ಕೆ ಹೋದರೂ ಅವಳ ಕಣ್ಣು ಮೊದಲು ಹುಡುಕುತ್ತಿದ್ದುದು ಅವನ ಕೈಕೆಲಸವನ್ನು. ಕಂಡ ಮೇಲೆ ಅದರ ಹತ್ತಿರವೇ ಕೂರುತ್ತಿದ್ದಳು. ಯಾರೂ ನೋಡದಾಗ ಹಲಗೆಯ ಅಡಿಗೆ ಬೆರಳಾಡಿಸುತ್ತಿದ್ದಳು. ಅಡಿಯಲ್ಲೂ ಉಜ್ಜಿರುತ್ತಿದ್ದ. ಕಾಣದ ಜಾಗದಲ್ಲೂ ರೇಷ್ಮೆಯ ಹಾಗೆ ಜಾರುತ್ತಿತ್ತು. ಆಮೇಲೆ ಅವರು ಕೊಟ್ಟ ಚಹಾವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು.

*

ಹೊತ್ತೇರಿದಂತೆ ಜನ ಸೇರಿದರು. ಭಜನೆಯವರು ತಾಳ ಕುಟ್ಟುತ್ತ ಒಂದು ಮೂಲೆ ಹಿಡಿದರು. ಹೆಂಗಸರು ದ್ರಾಕ್ಷಾಯಣಮ್ಮನ ಸುತ್ತ ಕೂತು, ಹೊಸಬರು ಬಂದಾಗ ಒಂದು ಸಲ ಅತ್ತು, ಮತ್ತೆ ಮಾತಿಗೆ ಮರಳುತ್ತಿದ್ದರು.

“ನಮ್ಮನೆ ಸ್ಟೂಲು ನೋಡಿದ್ರೆ ಕರುಳು ಕಿತ್ತು ಬರ್ತೈತೆ,” ಎಂದಳು ಕಮಲಾಕ್ಷಮ್ಮ. “ಹೆಂಗೆ ಉಜ್ಜಿದಾರೆ ಅಂತೀಯ. ಆದ್ರೆ ನಂಗೆ ಹತ್ತಿ ಕೂರಬೇಕು. ಕೂತ್ರೆ ಕಾಲು ತೂಗಾಡ್ತವೆ, ಇಸ್ಕೂಲ್ ಹುಡುಗಿ ಕೂತಂಗೆ.”

“ನಿಂದು ಅಷ್ಟೇ ಆತು,” ಎಂದಳು ನಾಯಕನಹಟ್ಟಿಯಿಂದ ಬಂದಿದ್ದ ದೂರದ ನೆಂಟಳು ಶಾರದಮ್ಮ. “ನಮ್ಮ ದೇವರ ಮಂಟಪಕ್ಕೆ ನಾನು ಮಣೆ ಹಾಕ್ಕಂಡು ಹೂವೇರಿಸ್ತೀನಿ. ನಮ್ಮೆಜಮಾನ್ರು, ದೇವರು ಮೇಲೇ ಇರಬೇಕು ಬಿಡೇ ಅಂತಾರೆ.”

ಯಾರೋ ಸೆರಗಿನಲ್ಲಿ ನಕ್ಕರು. ಬಾಗಿಲ ಹತ್ತಿರ ಬಿದಿರು ಗಳ ಸೀಳುತ್ತಿದ್ದ ಮಾರಯ್ಯ, ಮಂಡಿಯಲ್ಲಿ ಮೂಟೆ ಹೊರುತ್ತಿದ್ದವನು, ಕತ್ತಿ ನಿಲ್ಲಿಸಿ ತಲೆಯೆತ್ತಿದ.

“ನಮ್ಗೆ ತೊಟ್ಲು ಮಾಡ್ಕೊಟ್ಟಿದ್ರಮ್ಮ. ನಮ್ಮಾಕೆ ಕಲ್ಲು ಹತ್ತಿ ಮಗೂನ ಮಲಗಿಸ್ತಿದ್ಲು. ಗುಮಾಸ್ತರೇ, ಇದೇನು ಆನೆ ಮರಿಗೆ ಮಾಡೀರಾ ಅಂದೆ. ಮಗ ಬೆಳೀಲಿ ಬಿಡೋ ಅಂದ್ರು.”

ಈ ಸಲ ನಗು ಸ್ವಲ್ಪ ಜೋರಾಯಿತು. ಭಜನೆಯವರೊಬ್ಬರು ತಿರುಗಿ ನೋಡಿದರು. ಮಾರಯ್ಯ ತಪ್ಪಾಯಿತೆಂಬಂತೆ ಗಳದ ಮೇಲೆ ಬಗ್ಗಿದ.

ದ್ರಾಕ್ಷಾಯಣಮ್ಮನಿಗೆ ಇದರಲ್ಲಿ ನಗುವುದೇನೂ ಕಾಣಲಿಲ್ಲ. ತೊಟ್ಟಿಲು ಎಂದಾಗ ಅವಳಿಗೆ ನೆನಪಾದದ್ದು ಅದರ ನಾಲ್ಕು ಮೂಲೆಗೆ ಅವನು ಕೆತ್ತಿದ ಗಿಣಿ. ಸಂಗಮೇಶ ಹುಟ್ಟಿದಾಗ ಅವನಿಗೆ ಸಿಕ್ಕಿದ್ದು ಹಳೇ ಸೀರೆಯ ಜೋಲಿ. ಆಗ ಗಂಡ ಇನ್ನೂ ಮರ ಮುಟ್ಟಿರಲಿಲ್ಲ ಎಂಬುದು ಅವಳಿಗೆ ಗೊತ್ತು. ಗೊತ್ತಿದ್ದರೂ ಆ ಗಿಣಿಗಳು ಅವಳನ್ನು ಕುಕ್ಕದೆ ಬಿಟ್ಟಿರಲಿಲ್ಲ.

ಅವಳು ಮತ್ತೆ ಬೀದಿಯ ಕಡೆ ಕಿವಿಗೊಟ್ಟಳು. ಲಗೇಜ್ ಆಟೋದ ಸದ್ದಿಲ್ಲ.

*

ಆ ಕುರ್ಚಿ ಮಾಡಿದ ವರ್ಷ ವೀರಮ್ಮನ ಗಂಡ ಮುರುಗೇಶ್ ತೀರಿಕೊಂಡಿದ್ದ. ಮೊಳಕಾಲ್ಮುರುವಿನಲ್ಲಿ ಮಗ್ಗ ಹಾಕಿಸಿ ರೇಷ್ಮೆ ಸೀರೆಯ ಅಂಗಡಿ ಇಟ್ಟಿದ್ದ ಮನೆ. ಮಗ್ಗಗಳು ಒಂದೊಂದೇ ನಿಂತು, ಕೊನೆಯದನ್ನು ಬಿಚ್ಚಿ ಸೌದೆಗೆ ಹಾಕುತ್ತೇವೆ ಎಂದಾಗ ಜಂಬುಲಿಂಗಪ್ಪ ಹೋಗಿ ಅದರ ಕಂಬಗಳನ್ನೂ ಬಟ್ಟೆ ಸುತ್ತುವ ದಿಂಡನ್ನೂ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದಿದ್ದ. ನೇಕಾರರ ಕೈ ತಾಗಿ ತಾಗಿ ಕಂಬ ಎಣ್ಣೆ ಕುಡಿದಂತೆ ಹೊಳೆಯುತ್ತಿತ್ತು. ಪಡಸಾಲೆಯಲ್ಲಿ ಇಳಿಸಿದಾಗ ದ್ರಾಕ್ಷಾಯಣಮ್ಮ ಅದರ ಮೇಲೆ ಕೈಯಿಟ್ಟು, ಇದು ನಮ್ಮ ಮನೆಗೆ ಎಂದುಕೊಂಡಿದ್ದಳು. ಕೇಳಿರಲಿಲ್ಲ. ಕೇಳಿ ಪಡೆದರೆ ಅದಕ್ಕೇನು ಬೆಲೆ.

“ಬಾ ಇಲ್ಲಿ, ಕುತ್ಕ,” ಎಂದು ಅವನು ಶೆಡ್ಡಿನಿಂದ ಕರೆದ. ರೊಟ್ಟಿ ಹಿಟ್ಟಿನ ಕೈಯಲ್ಲೇ ಹೋಗಿ ಅವಳು ಮಗುಚಿಟ್ಟ ಡಬ್ಬಿಯ ಮೇಲೆ ಕೂತಳು. ಅವನ ಹತ್ತಿರ ಟೇಪು ಇರಲಿಲ್ಲ. ಮೂಟೆ ಹೊಲಿಯುವ ಸುತಲಿಯನ್ನು ಅವಳ ಹಿಮ್ಮಡಿಯಿಂದ ಮಂಡಿಗೆ ಹಿಡಿದು ಒಂದು ಗಂಟು. ಕೂತಲ್ಲಿಂದ ಮೊಣಕೈಗೆ ಒಂದು ಗಂಟು. ಬೆನ್ನ ಹಿಂದೆ ಬಂದು ಕತ್ತಿನವರೆಗೆ ಹಿಡಿದ. ಜಡೆ ಅಡ್ಡ ಬಂದಾಗ ಅದನ್ನು ಸರಿಸಿ ಅವಳ ಹೆಗಲ ಮೇಲಿಟ್ಟ. ಪ್ರತಿಯೊಂದಕ್ಕೂ ಹೀಗೇ. ಸ್ಟೂಲಿಗೂ ಕರೆಯುತ್ತಿದ್ದ, ಗೋಡೆ ಹಲಗೆಗೂ ಕೈ ಎತ್ತಿ ನಿಲ್ಲಿಸುತ್ತಿದ್ದ.

“ಯಾರಿಗೆ ಇದು?”

“ವೀರೀಗೆ. ಅಂಗಡ್ಯಾಗೆ ಚಾಪೆ ಮೇಲೆ ಕೂತ್ರೆ ಸೊಂಟ ನೋವು ಅಂತಾಳೆ. ಪಂಚಮಿಗೆ ತವರಿನಿಂದ ಏನಾದ್ರೂ ಕೊಡಬೇಕಲ್ಲ.”

“ವೀರಿ ಕೂರಾಕೆ ನನ್ ಕಾಲು ಯಾಕೆ?”

“ಅವ್ಳು ಇಲ್ಲಿಲ್ವಲ್ಲ. ನೀನಿದೀಯ.”

ಅವಳು ಎದ್ದು ಹೋಗಿ ರೊಟ್ಟಿ ಬಡಿದಳು. ಕೈಗೆ ಸಿಕ್ಕ ಕೋಲಿನ ಹಾಗೆ ತಾನು. ಬೇಕಾದಾಗ ಅಳತೆಗೆ ಕರೆಯುವುದು, ಅಳೆದಾದ ಮೇಲೆ ಮೂಲೆಗೆ ಒರಗಿಸುವುದು.

ಪಂಚಮಿಗೆ ಕುರ್ಚಿ ಹೋಯಿತು. ಮಗ್ಗದ ಕಂಬದ ಕಾಲು, ದಿಂಡನ್ನು ಸೀಳಿ ಮಾಡಿದ ಕೈಗಳು, ಕೂರುವಲ್ಲಿ ಕಂಬಳಿಯ ಪಟ್ಟಿ ಹೆಣೆದು, ಬೆನ್ನಿಗೆ ಹಳೆಯ ಸೀರೆ ಅಂಚಿನ ಜರಿ ಕೂರಿಸಿದ್ದ. ಕಚ್ಚಾ ಕುರ್ಚಿ ಪಡಸಾಲೆಯಲ್ಲಿ ಉಳಿಯಿತು. ಅವನು ಮೊಳಕಾಲ್ಮುರುವಿನಿಂದ ಮರಳುವ ಹೊತ್ತಿಗೆ ದ್ರಾಕ್ಷಾಯಣಮ್ಮ ಅದನ್ನು ಕೊಡಲಿಯಲ್ಲಿ ಸೀಳಿ ಹಂಡೆಯ ಒಲೆಗೆ ಹಾಕಿದ್ದಳು. ಅವನು ಒಲೆಯೊಳಗೆ ಉರಿಯುತ್ತಿದ್ದ ಕುರ್ಚಿಯ ಕೈಯನ್ನು ನೋಡಿದ. ಬಚ್ಚಲಿಗೆ ಹೋಗಿ, ಬಹಳ ಹೊತ್ತು ತಲೆ ಮೇಲೆ ನೀರು ಸುರಿದುಕೊಂಡ.

“ನೀರು ಚೆನ್ನಾಗಿ ಕಾದವೆ,” ಎಂದ, ಟವೆಲು ಸುತ್ತಿಕೊಂಡು ಹೊರಗೆ ಬಂದು.

ಆಮೇಲೆ ಒಮ್ಮೆ ಮೊಳಕಾಲ್ಮುರುವಿಗೆ ಹೋದಾಗ ವೀರಮ್ಮ ಅದೇ ಕುರ್ಚಿಯನ್ನು ಸೆರಗಿನಲ್ಲಿ ಒರೆಸಿ, “ಕೂತ್ಕಳ್ರಿ ಅತ್ತಿಗೆ,” ಎಂದಿದ್ದಳು. ದ್ರಾಕ್ಷಾಯಣಮ್ಮ ಚಾಪೆಯ ಮೇಲೆ ಕೂತಳು. ಹೊರಡುವವರೆಗೂ ಆ ಕಡೆ ತಿರುಗಲಿಲ್ಲ.

*

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಲಗೇಜ್ ಆಟೋ ಬಂತು. ವೀರಮ್ಮ ಮುಂದಿನ ಸೀಟಿನಿಂದ ಇಳಿದವಳೇ ಓಡಿಬಂದು ಅಣ್ಣನ ಮಡಚಿದ ಕಾಲಿನ ಮೇಲೆ ತಲೆಯಿಟ್ಟಳು. ಗಿಡ್ಡ ಹೆಂಗಸು, ಅಣ್ಣನದೇ ಮೈಕಟ್ಟು. “ನನ್ನ ತವರು ಹೋತಲ್ಲಣ್ಣ,” ಎಂದು ಅವಳು ಅತ್ತಾಗ ಅಲ್ಲಿದ್ದ ಎಲ್ಲರೂ ಅತ್ತರು. ದ್ರಾಕ್ಷಾಯಣಮ್ಮನಿಗೆ ಬೆಳಗಿನಿಂದ ಹಾಗೆ ಅಳು ಬಂದಿರಲಿಲ್ಲ. ಅದಕ್ಕೂ ಅವಳಿಗೆ ವೀರಮ್ಮನ ಮೇಲೆ ಸಿಟ್ಟು ಬಂತು.

ಹೊರಗೆ ಆಟೋದವನು, “ಮೆಲ್ಲಗಾ, ಮೆಲ್ಲಗಾ,” ಎನ್ನುತ್ತ ಮಾರಯ್ಯನ ಜೊತೆ ಕುರ್ಚಿ ಇಳಿಸಿದ. ಅದಕ್ಕೆ ಎರಡು ಸುತ್ತು ಕಂಬಳಿ ಹೊದಿಸಿ, ಮೂಲೆಗಳಿಗೆ ಬಟ್ಟೆ ತುರುಕಿ, ದಾರಿಯಲ್ಲಿ ಉಜ್ಜದಂತೆ ಕಟ್ಟಿದ್ದಳು. ಮಣ್ಣಿಗೆ ಹೋಗುವ ಕುರ್ಚಿಗೆ ಇಷ್ಟು ಆರೈಕೆ. ದ್ರಾಕ್ಷಾಯಣಮ್ಮ ಎದ್ದು ಅಂಗಳಕ್ಕೆ ಬಂದಳು. ಕಂಬಳಿ ಬಿಚ್ಚಿದರು. ಇಷ್ಟು ವರ್ಷದಲ್ಲಿ ಆ ಮರ ಇನ್ನೂ ಕಪ್ಪಾಗಿತ್ತು, ಇನ್ನೂ ಹೊಳೆಯುತ್ತಿತ್ತು. ಬೆನ್ನಿನ ಜರಿ ಬಿಸಿಲಿಗೆ ಮಿನುಗಿತು.

“ತೂಕ ತಡೀತೈತಾ?” ಎಂದ ಮಾರಯ್ಯ, ಕುರ್ಚಿಯ ಕೈ ಹಿಡಿದು ಅಲುಗಿಸಿ. “ಹೊತ್ಕಂಡು ಹೋಗುವಾಗ ಸಂದು ಬಿಟ್ರೆ ಕಷ್ಟ. ಯಾರಾದ್ರೂ ಒಂದ್ಸಲ ಕೂತು ನೋಡ್ರಿ.”

ಯಾರೂ ಮುಂದೆ ಬರಲಿಲ್ಲ. ಹೆಣಕ್ಕೆಂದು ತಂದ ಕುರ್ಚಿಯಲ್ಲಿ ಯಾರು ಕೂರುತ್ತಾರೆ. ಕಮಲಾಕ್ಷಮ್ಮ ತನ್ನ ಗಂಡನ ತೋಳು ಹಿಡಿದು ಹಿಂದಕ್ಕೆ ಎಳೆದಳು.

“ನಾನು ಕೂರ್ತೀನಿ ಬಿಡ್ರಿ,” ಎಂದಳು ವೀರಮ್ಮ, ಮೂಗು ಒರೆಸಿಕೊಳ್ಳುತ್ತ ಹೊಸ್ತಿಲು ದಾಟಿ. “ದಿನಾ ಕೂರಾ ಕುರ್ಚಿ, ನಂಗೇನು.”

ಒಂದು ಕೈ ಕುರ್ಚಿಯ ಮೇಲೆ ಊರಿ, ಸ್ವಲ್ಪ ಎಗರಿ ಅವಳು ಹತ್ತಿ ಕೂತಳು. ಬೆನ್ನು ಹಲಗೆಯನ್ನು ಮುಟ್ಟಲಿಲ್ಲ. ಕುರ್ಚಿಯ ಕೈಗಳು ಅವಳ ಕಂಕುಳ ಹತ್ತಿರ ಬಂದವು. ಪಾದಗಳು ನೆಲದಿಂದ ಗೇಣುದ್ದ ಮೇಲೆ, ಅತ್ತ ಇತ್ತ ತೂಗಿದವು.

“ಇದೇನು ವೀರಮ್ಮ, ನಿಂಗೂ ಕಾಲು ಹತ್ತಲ್ವಾ?” ಎಂದಳು ಕಮಲಾಕ್ಷಮ್ಮ.

“ಎಲ್ಲಿ ಹತ್ತಾದು. ಅಂಗಡ್ಯಾಗೆ ಇಟ್ಟಿಗೆ ಇಟ್ಕಂಡಿದೀನಿ ಕಾಲ ಕೆಳಗೆ. ಅಣ್ಣ, ಕಾಲು ಒಂದಿಷ್ಟು ಕೊಯ್ದು ಕೊಡೋ ಅಂದ್ರೆ, ಕೊಯ್ದ್ರೆ ಕುರ್ಚಿ ಕೆಡ್ತೈತೆ ಅಂದ. ಮೂರು ಸಲ ಕೇಳಿದೀನಿ. ಮೂರು ಸಲಾನೂ ಅದೇ ಮಾತು.”

“ನಿಮ್ಮಣ್ಣನೂ ಗಿಡ್ಡ, ನೀನೂ ಗಿಡ್ಡ. ಯಾರ ಅಳತೆ ಇದು ಹಂಗಾದ್ರೆ?” ಎಂದು ಶಾರದಮ್ಮ ಕೇಳಿದಳು.

ಕೇಳಿದವಳಿಗೆ ಉತ್ತರ ಬೇಕಿರಲಿಲ್ಲ. ದ್ರಾಕ್ಷಾಯಣಮ್ಮ ಮಾತ್ರ ಆ ತೂಗುವ ಪಾದಗಳನ್ನೇ ನೋಡುತ್ತ ನಿಂತಳು. ಹಿಮ್ಮಡಿಯಿಂದ ನೆಲಕ್ಕೆ ಉಳಿದ ಆ ಗೇಣು ಜಾಗ ಯಾರದೆಂದು ಅವಳ ಕಾಲಿಗೆ ಗೊತ್ತಾಯಿತು.

*

ದ್ರಾಕ್ಷಾಯಣಮ್ಮನನ್ನು ಹಿಂದೆ ಮದುವೆಗೆಂದು ನೋಡಲು ಬಂದವರೆಲ್ಲ ಎದ್ದು ನಿಲ್ಲಮ್ಮ ಎಂದು, ನಿಂತ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಉಪ್ಪಿಟ್ಟು ತಿಂದು ಹೋಗುತ್ತಿದ್ದರು. ಗಳದಂಥ ಹುಡುಗಿ ಎಂದು ತವರೂರಿನಲ್ಲಿ ಹೆಸರು. ಜಂಬುಲಿಂಗಪ್ಪನ ಮನೆಯವರು ಒಪ್ಪಿದ್ದೇ ಆಶ್ಚರ್ಯ. ಮದುವೆಯಲ್ಲಿ ಫೋಟೋದವನು ಅವಳನ್ನು ಕೂರಿಸಿ ಅವನನ್ನು ಪಕ್ಕದಲ್ಲಿ ನಿಲ್ಲಿಸಿದ. ಅವರಿಬ್ಬರ ಅದೊಂದೇ ಫೋಟೋ. ಅದರಲ್ಲಿ ಅವನೇ ಎತ್ತರ ಕಾಣುತ್ತಾನೆ. ಆಮೇಲೆ ಇಬ್ಬರೂ ಜೊತೆಯಲ್ಲಿ ನಡೆಯುವಾಗ ಅವಳು ಒಂದು ಹೆಜ್ಜೆ ಹಿಂದೆ, ಸ್ವಲ್ಪ ಬೆನ್ನು ಬಾಗಿಸಿ ನಡೆಯುತ್ತಿದ್ದಳು. ಅವನು ಅದರ ಬಗ್ಗೆ ಒಂದು ದಿನವೂ ಒಳ್ಳೆಯದನ್ನಾಗಲಿ ಕೆಟ್ಟದ್ದನ್ನಾಗಲಿ ಆಡಿದವನಲ್ಲ.

*

ಸ್ಟೂಲು, ಮಂಟಪ, ತೊಟ್ಟಿಲು. ಚಳ್ಳಕೆರೆಯ ಬೀದಿಬೀದಿಗಳಲ್ಲಿ, ನಾಯಕನಹಟ್ಟಿಯಲ್ಲಿ, ಮೊಳಕಾಲ್ಮುರುವಿನಲ್ಲಿ ಅವಳ ಮಂಡಿ, ಅವಳ ಮೊಣಕೈ, ಅವಳು ಕೈ ಎತ್ತಿದರೆ ಎಟುಕುವ ಎತ್ತರ. ಅವಳಿಗೆ ಸಮಾಧಾನ ಆಗಬೇಕಿತ್ತು. ಬೆಳಗಿನಿಂದ ಬಾರದ ಅಳು ಈಗಲಾದರೂ ಬರಬೇಕಿತ್ತು. ಬಂದದ್ದು ಇನ್ನೊಂದು ಬಗೆಯ ಉರಿ. ಇಷ್ಟು ಜನ ಇಷ್ಟು ವರ್ಷ ತನ್ನದರ ಮೇಲೆ ಕೂತಿದ್ದರು. ಕಾಲು ನೆಲ ಮುಟ್ಟದೆ, ಇಟ್ಟಿಗೆ ಇಟ್ಟುಕೊಂಡು, ಮಣೆ ಹತ್ತಿ, ಆಡಿಕೊಂಡು ನಕ್ಕು, ಕೂತೇ ಇದ್ದರು. ಇನ್ನು ಸ್ವಲ್ಪ ಹೊತ್ತಿಗೆ ಇದೊಂದು ಪಕ್ಕಾ ಕುರ್ಚಿಯೂ, ತಾನೇ ಬಾಯಿಬಿಟ್ಟು ತರಿಸಿದ ಕುರ್ಚಿ, ಗೋರಿಗಳ ನಡುವೆ ಗೆದ್ದಲಿಗೆ ಬೀಳುತ್ತದೆ.

“ಇಳಿ ವೀರಮ್ಮ,” ಎಂದಳು.

ವೀರಮ್ಮ ಜಾರಿ ಇಳಿದಳು. ದ್ರಾಕ್ಷಾಯಣಮ್ಮ ಸೀರೆಯ ನೆರಿಗೆ ಒಟ್ಟುಮಾಡಿ ಕುರ್ಚಿಯಲ್ಲಿ ಕೂತಳು. ಎರಡು ಪಾದವೂ ಪೂರ್ತಿ ನೆಲಕ್ಕೆ ಊರಿದವು. ಮೊಣಕೈಗಳು ಮರದ ಮೇಲೆ ತಾವಾಗಿ ಇಳಿದವು. ಎಲ್ಲಿ ಕತ್ತು ಮುಗಿದು ತಲೆ ಶುರುವಾಗುತ್ತದೋ ಅಲ್ಲಿಗೆ ಸರಿಯಾಗಿ ಹಲಗೆಯ ಅಂಚು ಬಂದು ನಿಂತಿತು. ಬಾಗಿ ಬಾಗಿ ರೂಢಿಯಾಗಿದ್ದ ಅವಳ ಬೆನ್ನು ಅಷ್ಟು ಜನರ ಮುಂದೆ ನೆಟ್ಟಗಾಯಿತು.

“ಸಾಕವ್ವ, ಗಟ್ಟಿ ಐತೆ,” ಎಂದು ಸಂಗಮೇಶ ಹತ್ತಿರ ಬಂದ. “ಏಳು, ಗಳ ಕಟ್ಟಬೇಕು. ಅಯ್ಯನೋರು ಬಂದ್ರು.”

“ಪ್ಲಾಸ್ಟಿಕ್ದು ಕಟ್ರಿ.”

“ಏನಂದೆ?”

“ಶಾಮಿಯಾನದೋನ್ದು ಐತಲ್ಲ, ಅದನ್ನ ಕಟ್ರಿ.”

ಸಂಗಮೇಶ ಸುತ್ತ ನೋಡಿದ. ಬೆಳಗಿನಿಂದ ಊರಿಗೆಲ್ಲ ಹೇಳಿಕೊಂಡು ಬಂದವನ ಕಿವಿ ಕೆಂಪಾಯಿತು. “ನೀನೇ ಅಲ್ವೇನವ್ವ ಬೆಳಗ್ಗೆ ಹಠ ಮಾಡಿದ್ದು? ಅತ್ತೆ ಅಷ್ಟು ದೂರದಿಂದ ಹೊರಿಸ್ಕಂಡು ಬಂದವ್ಳೆ.”

“ಬೆಳಗ್ಗೆ ಅಂದೆ. ಈಗ ಬ್ಯಾಡ ಅಂತೀನಿ.”

ಅಯ್ಯನೋರು ಕೈಯಲ್ಲಿ ಬಿಲ್ವಪತ್ರೆಯ ಬುಟ್ಟಿ ಹಿಡಿದು ಶೆಕೆಗೆ ಬೆವರುತ್ತ ನಿಂತಿದ್ದರು. ಎರಡು ಊರಿನಲ್ಲಿ ಇವತ್ತು ಅವರಿಗೆ ಕೆಲಸವಿತ್ತು. “ಹೆಣ ಇನ್ನೂ ಕೂತಿಲ್ಲ, ಕುರ್ಚಿಗೆ ಸೂತಕ ಬಂದಿಲ್ಲ,” ಎಂದರು. “ಯಾವುದ್ರಾಗೆ ಹೋದ್ರೂ ಶಿವ ಒಂದೇ. ಹೊತ್ತು ಮೀರ್ತೈತೆ, ಬೇಗ ನಿಶ್ಚಯ ಮಾಡ್ರಿ.”

ಗಂಡಸರು ಗೊಣಗಿಕೊಳ್ಳುತ್ತ ಪ್ಲಾಸ್ಟಿಕ್ ಕುರ್ಚಿಗಳ ರಾಶಿಯ ಕಡೆ ಹೋದರು. ದುಃಖದಲ್ಲಿ ತಲೆ ಕೆಟ್ಟೈತೆ ಪಾಪ, ಎಂದು ಯಾರೋ ಅಂದರು. ಕಮಲಾಕ್ಷಮ್ಮ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಗೆಳತಿಯನ್ನು ಮೇಲಿಂದ ಕೆಳಗೆ ನೋಡಿದಳು. ಕುರ್ಚಿಯನ್ನೂ ನೋಡಿದಳು. ಆಮೇಲೆ ನಿಧಾನವಾಗಿ ತಲೆ ತಗ್ಗಿಸಿದಳು.

ವೀರಮ್ಮ ಇದ್ದಲ್ಲಿಂದ ಕದಲಿರಲಿಲ್ಲ.

“ಅಣ್ಣನಿಗೆ ಅಂತ ತಂದೆ ಅತ್ತಿಗೆ,” ಎಂದಳು. ದನಿ ಎತ್ತರಿಸಲಿಲ್ಲ. “ನಿಮಗೆ ಅಂತಲ್ಲ. ಅಣ್ಣ ಅದ್ರಾಗೆ ಹೋಗದೇ ಇದ್ರೆ ಅದು ನಂದು.”

“ನಿನ್ ಕಾಲು ನೆಲಕ್ಕೆ ಹತ್ತಲ್ಲ.”

“ಹತ್ತದೇ ಹೋದ್ರೂ ಕೂತಿದ್ದೆ. ನಿಮಗೂ ಒಂದು ಇತ್ತಲ್ಲ. ನೀವು ಸುಟ್ರಿ. ನಾನು ಇಟ್ಕಂಡೆ.”

ದ್ರಾಕ್ಷಾಯಣಮ್ಮ ತಲೆ ಎತ್ತಿದಳು. ಹಂಡೆಯ ಒಲೆಯ ಮುಂದೆ ಅವತ್ತು ತಾನೂ ಗಂಡನೂ ಇಬ್ಬರೇ ಇದ್ದದ್ದು.

“ಯಾರು ಹೇಳಿದ್ರು ನಿಂಗೆ?”

“ಇನ್ಯಾರು. ಅಣ್ಣನೇ.”

“ಏನಂತ ಹೇಳಿದ್ರು?”

“ನಗ್ತಿದ್ದ. ನಿಮ್ಮತ್ತಿಗೆ ಕುರ್ಚಿ ಹಾಕಿ ನೀರು ಕಾಯಿಸಿದ್ಲು, ಸಾಯೋತನಕ ಅಂಥ ಸ್ನಾನ ಆಗಲ್ಲ ಬಿಡು ಅಂದ.”

ತನ್ನ ಮುಂದೆ ಒಂದೇ ಸಾಲು ಆಡಿದವನು ತಂಗಿಯ ಮುಂದೆ ಅಷ್ಟು ಮಾತಾಡಿದ್ದ. ತಂಗಿಯ ಮುಂದೆ ನಕ್ಕ ನಗುವನ್ನು ತಾನು ಕಂಡಿರಲಿಲ್ಲ. ದ್ರಾಕ್ಷಾಯಣಮ್ಮ ಎರಡೂ ಕೈಗಳಿಂದ ಕುರ್ಚಿಯ ಕೈಗಳನ್ನು ಹಿಡಿದಳು. ವೀರಮ್ಮ ಹಿಂದಕ್ಕೆ ಹೋಗಿ ಬೆನ್ನಿನ ಹಲಗೆಯ ಮೇಲೆ ಕೈಯಿಟ್ಟು ನಿಂತಳು. ನೋಡಿದವರಿಗೆ ಅತ್ತಿಗೆಗೆ ಒತ್ತಾಸೆಯಾಗಿ ನಿಂತಂತೆ ಕಂಡಿತು.

ಒಳಗಿನಿಂದ ಜಂಬುಲಿಂಗಪ್ಪನನ್ನು ಎತ್ತಿ ತಂದರು. ಬೆಳಗ್ಗೆ ಮಡಚಿದ ಕಾಲುಗಳು ಹಾಗೇ ಉಳಿದಿದ್ದವು. ಬಿಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಶಲ್ಯದಿಂದ ಬಿಗಿದು, ತಲೆಗೆ ರುಮಾಲು ಕಟ್ಟಿ, ಚೆಂಡು ಹೂವಿನ ಸರ ಸುತ್ತಿದರು. ಶಂಖ ಊದಿದರು. ಮನೆಯವರು ಒಬ್ಬೊಬ್ಬರಾಗಿ ಬಂದು ತಲೆಯ ಮೇಲೆ ಬಿಲ್ವಪತ್ರೆ ಇಟ್ಟು ಕಾಲು ಮುಟ್ಟಿದರು. ಅಯ್ಯನೋರು ಬುಟ್ಟಿಯನ್ನು ದ್ರಾಕ್ಷಾಯಣಮ್ಮನ ಕಡೆ ಚಾಚಿದರು.

“ಬಾ ತಾಯಿ. ಕೊನೆಯ ಪತ್ರೆ ನಿಂದು.”

ಅವಳು ಏಳಬೇಕಿತ್ತು. ಎದ್ದು ಹತ್ತು ಹೆಜ್ಜೆ ನಡೆಯಬೇಕಿತ್ತು. ಕತ್ತಿನ ಹಿಂದೆ ವೀರಮ್ಮನ ಬೆರಳು ಹಲಗೆಯನ್ನು ಬಿಗಿಯಾಗಿ ಹಿಡಿದಿರುವುದು ಅವಳಿಗೆ ತಿರುಗಿ ನೋಡದೆಯೂ ತಿಳಿಯುತ್ತಿತ್ತು.

“ಅವ್ರನ್ನೇ ಇತ್ತ ತರ್ರಿ,” ಎಂದಳು.

ಸಂಗಮೇಶ ಹಲ್ಲು ಕಚ್ಚಿದ. ಮಾರಯ್ಯ ಅವನ ಭುಜ ತಟ್ಟಿ, “ಹೋಗ್ಲಿ ಬಿಡ್ರಿ, ದೊಡ್ಡಮ್ಮನ ಇಷ್ಟ,” ಎಂದು ಗಳಕ್ಕೆ ಹೆಗಲು ಕೊಟ್ಟ. ನಾಲ್ವರು ಹೊತ್ತು ತಂದು ಅವಳ ಎದುರಿಗೆ ಬಗ್ಗಿ ಇಳಿಸಿದರು. ಗಂಡ ಹೆಂಡತಿ ಎದುರುಬದುರು ಕೂತಂತಾಯಿತು. ಅವನು ತಗ್ಗಿನಲ್ಲಿದ್ದ. ಅವಳು ಬಾಗದೆ, ಬಲಗೈಯನ್ನು ಮಾತ್ರ ಮರದಿಂದ ತೆಗೆದು, ಅವನ ರುಮಾಲಿನ ಮೇಲೆ ಪತ್ರೆ ಇಟ್ಟಳು. ಹಣೆಯಿಂದ ಉದುರಿ ರೆಪ್ಪೆಯ ಮೇಲೆ ನಿಂತಿದ್ದ ಒಂದಿಷ್ಟು ವಿಭೂತಿಯನ್ನು ಬೆರಳ ತುದಿಯಿಂದ ಒರೆಸಿದಳು. ಆ ಕೈ ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಆಮೇಲೆ ಮರಳಿ ಬಂದು ಕುರ್ಚಿಯ ಕೈ ಹಿಡಿಯಿತು.

ಹೊತ್ತವರು ಎದ್ದರು. ಭಜನೆ ಜೋರಾಯಿತು. ಅಂಗಳದಲ್ಲಿದ್ದವರೆಲ್ಲ ಎದ್ದು ಹಿಂದೆ ಹೊರಟರು. ಗೇಟು ದಾಟಿ ಬೀದಿಗೆ ಹೊರಳಿದಾಗ ಜಂಬುಲಿಂಗಪ್ಪ ಎಲ್ಲರ ತಲೆಗಿಂತ ಮೇಲಿದ್ದ. ಪ್ಲಾಸ್ಟಿಕ್ ಕುರ್ಚಿಯ ಬೆನ್ನಿಗೆ ಶಾಮಿಯಾನದವನು ಕೆಂಪು ಬಣ್ಣದಲ್ಲಿ ತನ್ನ ಹೆಸರನ್ನೂ ಫೋನ್ ನಂಬರನ್ನೂ ಬರೆದುಕೊಂಡಿದ್ದ. ಚೆಂಡು ಹೂವಿನ ಸಂದಿಯಲ್ಲಿ ಅದು ಓಲಾಡುತ್ತ ಮುಂದೆ ಹೋಯಿತು. ಕಾಂಪೌಂಡು ಗೋಡೆಯ ಮೇಲಿಂದ ದ್ರಾಕ್ಷಾಯಣಮ್ಮನಿಗೆ ಕೂತಲ್ಲಿಂದಲೇ ಅದು ಕಾಣುತ್ತಿತ್ತು. ಹಿಂದೆ ನಿಂತಿದ್ದ ವೀರಮ್ಮ ತುದಿಗಾಲಿನಲ್ಲಿ ನಿಂತು ನೋಡಲು ಕುರ್ಚಿಯ ಬೆನ್ನಿನ ಮೇಲೆ ಭಾರ ಹಾಕಿದಳು. ಮರ ಕಿರುಗುಟ್ಟಲಿಲ್ಲ.